ಕಲ್ಲಿನಡಿಯ ಇದ್ದಲು

ಎರಡು ಮೊಳ ಅಗೆದರೂ ಇದ್ದಲು ಸಿಗಲಿಲ್ಲ. ಗುಂಡಿಯೊಳಗಿದ್ದ ಆಳು ಹಾರೆ ಊರಿಕೊಂಡು ಮೇಲೆ ನೋಡಿದ. ಎದುರೂರಿನವರ ಅರ್ಜಿಯ ಮೇಲೆ ತಾಲೂಕು ಕಚೇರಿಯಿಂದ ಬಂದಿದ್ದ ಸರ್ವೇಯರು ಕೊಡೆ ಮಡಿಸದೆಯೇ ಬಗ್ಗಿ ನೋಡಿ, "ಇನ್ನೊಂದು ಗೇಣು ಹೋಗಲಿ" ಅಂದರು. ಇನ್ನೊಂದು ಗೇಣಿಗೂ ಬರೀ ಕೆಮ್ಮಣ್ಣು. ಕಿತ್ತು ಮಲಗಿಸಿದ್ದ ಎಲ್ಲೆಗಲ್ಲಿನ ಬುಡಕ್ಕೆ ಅಂಟಿದ್ದ ಹಸಿಮಣ್ಣು ಬಿಸಿಲಿಗೆ ಆಗಲೇ ಬಿಳಿಚಿಕೊಳ್ಳುತ್ತಿತ್ತು. ಹುಣಸೆದೊಡ್ಡಿಯ ಗೌಡ ಆವುಲಪ್ಪ ಅದರ ಕಡೆ ನೋಡದೆ, ತುಂಬಿದ ಕೆರೆಗೆ ಮುಖ ಮಾಡಿ ನಿಂತಿದ್ದ.

ಹೊಸೂರು ಸೀಮೆಯಲ್ಲಿ, ತಳಿ ಎಂಬ ಊರಿನ ಸುತ್ತಮುತ್ತ, ಎಲ್ಲೆಗಲ್ಲು ನೆಡುವಾಗ ಗುಂಡಿಗೆ ಇದ್ದಲು, ರಾಗಿ ಹೊಟ್ಟು, ಒಡೆದ ಮಡಕೆಯ ಚೂರು ಹಾಕಿ ಮುಚ್ಚುವುದು ವಾಡಿಕೆ. ಹೊಟ್ಟು ಮಣ್ಣಾಗುತ್ತದೆ, ಇದ್ದಲು ಆಗುವುದಿಲ್ಲ. ಕಲ್ಲನ್ನು ತೋಳಿನಲ್ಲಿ ಬಲವಿದ್ದ ಯಾರು ಬೇಕಾದರೂ ಕಿತ್ತು ಬೇರೆ ಕಡೆ ನೆಡಬಹುದು. ಆದರೆ ಅಡಿಯ ಇದ್ದಲನ್ನು ಹೊತ್ತೊಯ್ಯುವಷ್ಟು ಬುದ್ಧಿ ಕಳ್ಳರಿಗೆ ಇರುವುದು ಕಡಿಮೆ.

ಚಿನ್ನಪ್ಪ ಕೆರೆಯೇರಿ ದಾಟಿ ಹುಣಸೆದೊಡ್ಡಿಯ ಕಡೆಗೆ ನಡೆದ. ಅವನು ಎದುರೂರಾದ ಗೊಲ್ಲರಪಲ್ಲಿಯವನು, ಕೃಷ್ಣಗಿರಿಯಲ್ಲಿ ವಕೀಲರೊಬ್ಬರ ಗುಮಾಸ್ತ. ಕೈಯಲ್ಲಿ ತೆಳ್ಳನೆಯದೊಂದು ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಬೆರಳಿಟ್ಟುಕೊಂಡು, ಜೋಡಿ ಬೇವಿನ ಮರದಿಂದ ಮೂಡಲಿಗೆ ಹತ್ತು ಹೆಜ್ಜೆ ಎಣಿಸಿ ನಿಂತು, "ಇಲ್ಲಿ ಅಗೀಲಾ" ಅಂದ. ಎರಡು ಮೊಳ ಹೋಗುವ ಮೊದಲೇ ಹಾರೆಯ ತುದಿ ಕಪ್ಪಾಯಿತು.

ಗೊಲ್ಲರಪಲ್ಲಿಯವರು ಕೂಗಲಿಲ್ಲ. ಮುದುಕಿ ಅಕ್ಕಯಮ್ಮ ಮುಂದೆ ಬಂದು ಒಂದು ತುಂಡು ಇದ್ದಲನ್ನು ಎತ್ತಿ, ಪ್ರಸಾದ ಕಟ್ಟಿಕೊಂಡ ಹಾಗೆ ಸೆರಗಿಗೆ ಕಟ್ಟಿಕೊಂಡಳು. ಸರ್ವೇಯರು ಚಿನ್ನಪ್ಪನನ್ನು ಕೇಳಿದರು, "ಇಲ್ಲೇ ಇರುತ್ತೆ ಅಂತ ನಿನಗೆ ಹೇಗಪ್ಪ ಗೊತ್ತಾಯ್ತು?"

"ನಾನು ಕತೆ ಕಟ್ಟಿಲ್ಲ ಸಾರ್. ಎಲ್ಲ ಇದ್ರಾಗೆ ಅಚ್ಚಾಗೈತೆ. ಬರ್ದೋರು ಹುಣಸೆದೊಡ್ಡಿ ಗೌಡ್ರ ಮಗ ರಾಮಕೃಷ್ಣಪ್ಪನೋರೇ."

ಆವುಲಪ್ಪ ಆಗ ತಿರುಗಿ ನೋಡಿದ್ದು ಚಿನ್ನಪ್ಪನನ್ನಲ್ಲ, ಕೊಂಡಪ್ಪನನ್ನು. ಗೊಲ್ಲರಪಲ್ಲಿಯ ಗೌಡ ಕೊಂಡಪ್ಪ, ಚಿಕ್ಕಂದಿನಿಂದ ಅವನ ಜೊತೆಗಾರ, ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದ. ಕಲ್ಲಿನ ವಿಷಯ ಅವನಿಗೆ ಹೊಸದಲ್ಲ. ಹೊಸದೆಂದರೆ ಪುಸ್ತಕ.

ಎಪ್ಪತ್ತು ವರ್ಷದ ಹಿಂದೆ, ಧಾತು ಈಶ್ವರ ಬರದಲ್ಲಿ, ಗೊಲ್ಲರಪಲ್ಲಿ ಊರಿಗೆ ಊರೇ ಅಂಚೆಟ್ಟಿ ಕಾಡಿಗೆ ಗೆಣಸು ಹುಡುಕಿ ಹೋಗಿತ್ತು. ಖಾಲಿ ಊರಿನ ಎಲ್ಲೆಗಲ್ಲನ್ನು ಆವುಲಪ್ಪನ ತಾತ ಕಿತ್ತು ಕೆರೆಯಾಚೆ, ಗೊಲ್ಲರಪಲ್ಲಿಯ ಮಗ್ಗುಲಿಗೆ ನೆಟ್ಟ. ಕೆರೆ ಹುಣಸೆದೊಡ್ಡಿಯದಾಯಿತು, ಆಮೇಲೆ ಸರ್ವೆಗೆ ಬಂದ ಸರಪಳಿಯವರು ಹಾಗೆಯೇ ಕಾಗದಕ್ಕೆ ಏರಿಸಿದರು. ಬದುಕುಳಿದವರು ಹಿಂತಿರುಗಿ ಬಂದಾಗ, ಕಲ್ಲಿನ ಜಾಗ ಬಲ್ಲವರಲ್ಲಿ ಉಳಿದಿದ್ದವನು ಅಲ್ಲಿಯ ಗೌಡನೊಬ್ಬನೇ. ತಾತನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ, ನಾನು ಕಳ್ಳ ಎಂದು ಊರ ಮುಂದೆ ಒಪ್ಪಿಕೊಳ್ಳುವಷ್ಟು ಆಗಲಿಲ್ಲ. ಎರಡೂ ಊರಿನ ಗೌಡರು ತೂಬಿನ ಮೇಲೆ ಕೂತು ಒಂದು ಮಾತಿಗೆ ಬಂದರು: ಕಲ್ಲು ಇದ್ದಲ್ಲೇ ಇರಲಿ, ನೀರು ಎಂಟು ದಿನ ಅವರಿಗೆ, ಎಂಟು ದಿನ ಇವರಿಗೆ. ವಿಷಯ ಇಬ್ಬರ ಹೊಟ್ಟೆಯಲ್ಲೇ ಇರಲಿ. ಗೊಲ್ಲರಪಲ್ಲಿಯವರಿಗೆ ತಿಳಿದರೆ ಕೆರೆಯನ್ನೇ ಕೇಳುತ್ತಾರೆ. ಕಾಗದದಲ್ಲಿ ಕೆರೆ ಪೂರ್ತಿ ತಮ್ಮದೇ ಎಂದು ಹುಣಸೆದೊಡ್ಡಿಯವರಿಗೆ ತಿಳಿದರೆ ಅರ್ಧ ನೀರು ಯಾಕೆ ಕೊಡಬೇಕು ಅನ್ನುತ್ತಾರೆ.

ಅಂದಿನಿಂದ ಸಂಕ್ರಾಂತಿಯ ಮಾರನೆಯ ದಿನ ಇಬ್ಬರು ಗೌಡರೂ ಮುತ್ತುಗದ ಎಲೆಯಲ್ಲಿ ಉಪ್ಪು ತಂದು, ಇವನ ಉಪ್ಪು ಅವನ ನಾಲಿಗೆಗೆ, ಅವನ ಉಪ್ಪು ಇವನ ನಾಲಿಗೆಗೆ ಇಟ್ಟು, ಆಮೇಲೆ ತೂಬು ಎತ್ತುವುದು. ಊರವರ ಪಾಲಿಗೆ ಅದು ಗಂಗಮ್ಮನ ಶಾಸ್ತ್ರ. ನಿಜವನ್ನು ಗೌಡ ತನ್ನ ಒಬ್ಬ ಮಗನಿಗೆ ಮಾತ್ರ ಹೇಳಬೇಕು, ಅದೂ ಕೆರೆ ಬಿಟ್ಟು ಹೋಗದ ಮಗನಿಗೆ. ಹೋಗುವವನ ನಾಲಿಗೆಗೆ ಉಪ್ಪು ಇಡಬಾರದು ಎಂದು ತಾತ ಸಾಯುವಾಗಲೂ ಹೇಳಿದ್ದ.

ಆವುಲಪ್ಪ ಇಟ್ಟಿದ್ದ.

ಎರಡು ವರ್ಷದ ಹಿಂದೆ ರಾಮಕೃಷ್ಣಪ್ಪ ಎಂ.ಎ. ಓದಲು ಮದರಾಸಿಗೆ ಹೊರಟಾಗ, ಏರಿಯ ಮೇಲೆ ಅಪ್ಪನ ಜೊತೆ ನಡೆಯುತ್ತಾ, ತಾನು ಓದುವುದು ದೇಶ ದೇಶಗಳ ಸಂಬಂಧ ಎಂದು ವಿವರಿಸಿದ. ಯುದ್ಧ ಮುಗಿಯಿತು, ಇನ್ನು ಮೇಲೆ ಅಮೆರಿಕದಲ್ಲಿ ಐವತ್ತು ದೇಶದವರು ಒಂದೇ ಸೂರಿನಡಿ ಕೂತು ತಕರಾರು ಬಗೆಹರಿಸುತ್ತಾರೆ ಅಂದ. ಮಗ ಮಾತಾಡುತ್ತಿದ್ದ ಹಾಗೆ ಆವುಲಪ್ಪನಿಗೆ ತಾನು ಕುಗ್ಗುತ್ತಿದ್ದೇನೆ ಅನ್ನಿಸಿತು. ಇಷ್ಟು ಓದಿದ ಮಗನಿಗೆ ಅಪ್ಪ ಅಂದರೆ ಗದ್ದೆಯ ಬದು ಕಡಿಯುವ ಗಮಾರ ಅಷ್ಟೇ ಆಗಿಬಿಟ್ಟರೆ? "ನಿನ್ನ ಪುಸ್ತಕದಾಗಿರೋದು ನಮ್ಮನೇಲೂ ಐತೆ ಕಣ್ಲಾ" ಅಂದುಬಿಟ್ಟ. ತೂಬಿನ ಮೇಲೆ ಕೂರಿಸಿ, ಬುತ್ತಿಯ ಗಂಟಿನಿಂದ ಎರಡು ಹರಳು ಉಪ್ಪು ತೆಗೆದು ಅವನ ನಾಲಿಗೆಗೆ ಇಟ್ಟು, ಎಲ್ಲವನ್ನೂ ಹೇಳಿದ. ಮಗನ ಕಣ್ಣು ಅರಳಿದ್ದು ಅವನಿಗೆ ಇನ್ನೂ ನೆನಪಿದೆ. ಆ ಕಣ್ಣಿಗಾಗಿಯೇ ಹೇಳಿದ್ದು ಅಂದರೆ ತಪ್ಪಲ್ಲ.

ಅಗೆತ ಮುಗಿಸಿ ಮನೆಗೆ ಬಂದಾಗ ರಾಮಕೃಷ್ಣಪ್ಪ ಹಜಾರದಲ್ಲಿ ನಿಂತಿದ್ದ. ಹಬ್ಬದ ರಜೆಗೆಂದು ಬಂದು ಮೂರು ವಾರವಾಗಿತ್ತು. ಬರುವ ದಾರಿಯಲ್ಲಿ ಹೊಸೂರಿನ ವಾಚನಾಲಯಕ್ಕೆ ಆ ಪುಸ್ತಕದ ಒಂದು ಪ್ರತಿ ಕೊಟ್ಟು ಬಂದವನು ಅವನೇ. ಅದರಲ್ಲಿನ ತನ್ನ ಲೇಖನಕ್ಕೆ ಪದಕ ಸಿಕ್ಕಿತ್ತು, ನಾಲ್ಕು ಜನ ನೋಡಲಿ ಅನ್ನುವ ಆಸೆ. ನಾಲ್ಕು ಜನರಲ್ಲಿ ಮೊದಲನೆಯವನು ಚಿನ್ನಪ್ಪ.

"ಉಪ್ಪು ಇಟ್ಟಿದ್ನಲ್ಲಾ ನಿನ್ ನಾಲ್ಗೆ ಮ್ಯಾಲೆ" ಅಂದ ಆವುಲಪ್ಪ. ದನಿ ಏರಿರಲಿಲ್ಲ.

"ಅಪ್ಪಾ, ನಾನು ಹೊಗಳಿ ಬರ್ದಿದ್ದೀನಿ. ಕಾಗದ ಇಲ್ದೆ, ಕೋರ್ಟಿಲ್ದೆ, ಎಪ್ಪತ್ತು ವರ್ಷ ಎರಡು ಊರು ಹೆಂಗೆ ಬಾಳಿದ್ವು ಅಂತ. ನಮ್ಮ ಪ್ರೊಫೆಸರು ಮೂರು ಸಾರಿ ಓದಿಸಿ ಕೇಳಿದ್ರು."

"ಊರ ಹೆಸ್ರು ಯಾಕ್ಲಾ ಹಾಕ್ದೆ? ಬೇವಿನ ಮರ, ಹತ್ತು ಹೆಜ್ಜೆ, ಅದೆಲ್ಲ ಯಾಕೆ?"

"ಹೆಸ್ರಿಲ್ದೆ ಬರೆದ್ರೆ ಕಟ್ಟುಕತೆ ಅಂತಾರೆ. ಪುರಾವೆ ಬೇಕು." ಅವನು ತಡವರಿಸಿ, ಆಮೇಲೆ ಪಾಠ ಒಪ್ಪಿಸುವವನ ಹಾಗೆ ಮುಂದುವರಿಸಿದ. "ಮೂವತ್ತು ವರ್ಷದ ಹಿಂದೆ ಯುರೋಪಲ್ಲಿ ಆ ದೊಡ್ಡ ಯುದ್ಧ ಯಾಕಾಯ್ತು ಹೇಳು? ರಾಜರು ರಾಜರು ಗುಟ್ಟಾಗಿ ಮಾಡ್ಕಂಡಿದ್ದ ಒಪ್ಪಂದಗಳಿಂದ. ಒಪ್ಪಂದ ಅಂದ್ಮೇಲೆ ಜನಕ್ಕೆಲ್ಲ ಗೊತ್ತಿರ್ಬೇಕು. ಇವತ್ತು ಕಾಶ್ಮೀರದ ತಕರಾರೂ ಎಲ್ಲರ ಮುಂದೇನೇ ಇಟ್ಟಿಲ್ವಾ?"

"ಕಾಶ್ಮೀರಕ್ಕೆ ನಮ್ ತೂಬಿನ ನೀರು ಹೋಗಾಕಿಲ್ಲ ಕಣಪ್ಪ" ಅಂದ ಆವುಲಪ್ಪ. "ಒಟ್ಲು ಹಾಕಿರೋ ಪೈರು ನಾಟಿಗೆ ಬಂದೈತೆ. ಅಲ್ಲೂ ಬಂದೈತೆ, ಇಲ್ಲೂ ಬಂದೈತೆ."

ಒಳಗಿನಿಂದ ಅಶ್ವತ್ಥಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಎಳ್ಳು ಬೆಲ್ಲದ ತಟ್ಟೆ ಹಾಗೇ ಇತ್ತು. "ನಲವತ್ತು ವರ್ಸ ಬಾಳ್ವೆ ಮಾಡಿದ್ದೀನಿ, ನಂಗೂ ಒಂದ್ಮಾತು ಹೇಳ್ನಿಲ್ವಲ್ಲ ನೀನು" ಅಂದಳು ಗಂಡನಿಗೆ. ಆವುಲಪ್ಪ ಹಜಾರದ ಕಂಬಕ್ಕೆ ಒರಗಿ ಕೂತ. ಮಗ ಮೋಸ ಮಾಡಬೇಕೆಂದು ಮಾಡಿದ್ದರೆ ಎದೆಗೆ ಇಷ್ಟು ನೋಯುತ್ತಿರಲಿಲ್ಲವೇನೋ. ಅವನು ಪ್ರೀತಿಯಿಂದ, ದುಂಡನೆಯ ಅಕ್ಷರದಲ್ಲಿ, ಅಪ್ಪನ ಮರ್ಯಾದೆಯನ್ನು ಪದಕಕ್ಕೆ ಕೊಟ್ಟು ಬಂದಿದ್ದ. ಮಾಡಿದ್ದು ತಪ್ಪು ಎಂದು ಅವನಿಗೆ ಈಗಲೂ ಅನ್ನಿಸಿರಲಿಲ್ಲ.

ಗೊಲ್ಲರಪಲ್ಲಿಯವರು ಹಾಕಿದ ದಾವೆಯ ಮೇಲೆ ಸಂಕ್ರಾಂತಿಯ ಹಿಂದಿನ ದಿನ ಕೃಷ್ಣಗಿರಿ ಕೋರ್ಟಿನ ತಡೆ ಬಂತು. ತೀರ್ಪಾಗುವ ತನಕ ಎರಡೂ ಊರಿನವರು ತೂಬು ಮುಟ್ಟುವಂತಿಲ್ಲ. ಕೋರ್ಟಿನ ಅಮೀನ ಬಂದು ತೂಬಿನ ಮರದ ಗೂಟಕ್ಕೆ ಸರಪಳಿ ಸುತ್ತಿ, ಬೀಗ ಹಾಕಿ, ಬೀಗಕ್ಕೆ ಅರಗಿನ ಮುದ್ರೆ ಒತ್ತಿ ಹೋದ. ಕೆರೆ ಮಾತ್ರ ಏರಿಯ ಮಟ್ಟಕ್ಕೆ ತುಂಬಿ ತುಳುಕುತ್ತಿತ್ತು.

ಆದರೂ ಹಬ್ಬದ ಮಾರನೆಯ ದಿನ ಬೆಳಗ್ಗೆ ಆವುಲಪ್ಪ ಮಿಂದು, ಮಡಿ ಪಂಚೆ ಉಟ್ಟು, ಮುತ್ತುಗದ ಎಲೆಯಲ್ಲಿ ಉಪ್ಪು ಕಟ್ಟಿಕೊಂಡು ತೂಬಿಗೆ ಹೋದ. ಬರುವುದಿಲ್ಲ ಅಂದುಕೊಂಡಿದ್ದ ಕೊಂಡಪ್ಪ ಆಗಲೇ ಬಂದು ಕೂತಿದ್ದ. ಅವನ ಪಕ್ಕದಲ್ಲೂ ಒಂದು ಎಲೆಯ ಪೊಟ್ಟಣ. ಅದನ್ನು ಕಂಡು ಆವುಲಪ್ಪ ಬೇಗ ಬೇಗ ಹೋಗಿ ಪಕ್ಕದಲ್ಲಿ ಕೂತ. ಹೋದ ಜೀವ ಬಂದ ಹಾಗಾಯಿತು.

"ತೆಪ್ಪಾಯ್ತು ಕಣ್ಲಾ ಕೊಂಡಪ್ಪ. ಕೋರ್ಟಿನಾಗೆ ನಾನೇ ನಿಂತ್ಕಂಡು ಹೇಳ್ತೀನಿ, ಕಲ್ಲು ಕಿತ್ತೋನು ನಮ್ ತಾತ ಅಂತ. ಕೆರೆ ನೀವೇ ಮಡಿಕ್ಕಳಿ. ಅರ್ಧ ನೀರು ಬುಡು, ಸಾಕು."

"ಕೆರೆ ಯಾವನ್ಗೆ ಬೇಕಾಗಿತ್ತು?" ಅಂದ ಕೊಂಡಪ್ಪ. "ನಮ್ ಕದಿರಪ್ಪ ಮಿಲಿಟ್ರಿಗೆ ಹೊಂಟಾಗ ಇಲ್ಲೇ ಕುಂತು ಕೇಳ್ದ. ಅಪ್ಪಾ, ಆ ಉಪ್ಪು ಯಾಕೆ, ನಂಗಾರ ಹೇಳು ಅಂದ. ಹೋಗೋನ್ಗೆ ಹೇಳಬಾರ್ದು, ಬಂದ್ಮ್ಯಾಕೆ ಹೇಳ್ತೀನಿ ಅಂದೆ."

ಕದಿರಪ್ಪ ಬರ್ಮಾದಿಂದ ಬರಲಿಲ್ಲ. ಬಂದದ್ದು ತಂತಿ. ಅದನ್ನು ಕೊಂಡಪ್ಪನಿಗೆ ಓದಿ ಹೇಳಿದವನು ರಾಮಕೃಷ್ಣಪ್ಪನೇ.

"ಒಬ್ನೇ ಮಗ ಕೇಳ್ದ, ನಾನು ಹೇಳ್ನಿಲ್ಲ. ನಿಂಗೆ ಕೊಟ್ಟ ಮಾತಿಗೋಸ್ಕರ ಹೇಳ್ನಿಲ್ಲ ಕಣ್ಲಾ" ಅಂದ ಕೊಂಡಪ್ಪ. "ನಿನ್ ಮಗ ಕೇಳಿದ್ನಾ?"

ಆವುಲಪ್ಪ ನೆನಪು ಮಾಡಿಕೊಂಡ. ಅಂದು ಏರಿಯ ಮೇಲೆ ಮಗ ಐವತ್ತು ದೇಶಗಳ ಮಾತಾಡುತ್ತಿದ್ದ. ಉಪ್ಪಿನ ಸುದ್ದಿಯನ್ನೇ ಎತ್ತಿರಲಿಲ್ಲ.

"ಇಲ್ಲ" ಅಂದ.

ಕೊಂಡಪ್ಪ ತಲೆಯಾಡಿಸಿದ. ಎದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಪೊಟ್ಟಣ ಬಿಚ್ಚಿ, ಉಪ್ಪನ್ನು ಎಲೆಯ ಸಮೇತ ತೂಬಿನ ಕಲ್ಲಿನ ಮೇಲೆ ಇಟ್ಟು, ಏರಿ ಹಿಡಿದು ತನ್ನ ಊರಿನ ಕಡೆ ನಡೆದ. ಹಿಂತಿರುಗಿ ನೋಡಲಿಲ್ಲ.

ತನ್ನ ಉಪ್ಪನ್ನು ತಾನೇ ನಾಲಿಗೆಗೆ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಆವುಲಪ್ಪ ತನ್ನ ಎಲೆಯನ್ನೂ ಬಿಚ್ಚಿ ಕೊಂಡಪ್ಪನ ಎಲೆಯ ಪಕ್ಕ ಇಟ್ಟು, ಬೀಗದ ಅರಗು ನೋಡುತ್ತಾ ಕೂತ. ಬಿಸಿಲು ಏರಿದ ಮೇಲೆ, ಏರಿಯ ಇಳಿಜಾರಿನಲ್ಲಿ ಮೇಯುತ್ತಿದ್ದ ಒಂದು ಕಂದು ಕರು ಮೂಗು ಅರಳಿಸುತ್ತಾ ಹತ್ತಿರ ಬಂತು. ಯಾವ ಊರಿನದೋ ಗೊತ್ತಾಗಲಿಲ್ಲ. ಮೊದಲು ಆ ಎಲೆಯನ್ನು, ಆಮೇಲೆ ಈ ಎಲೆಯನ್ನು ನೆಕ್ಕಿತು. ಉಪ್ಪು ಮುಗಿದ ಮೇಲೂ ಕಲ್ಲನ್ನು ನೆಕ್ಕುತ್ತಲೇ ಇತ್ತು. ಆವುಲಪ್ಪ ಅದನ್ನು ಓಡಿಸಲಿಲ್ಲ.