ಕೇಳಿಸದ ಸೀಟಿ

ಮಂಗಳವಾರ ಬೆಳಿಗ್ಗೆ ಎದ್ದವನೇ ರಾಜೀನಾಮೆ ಕಳಿಸಿಬಿಟ್ಟೆ. ಈಗ ಅದಕ್ಕೂ ಕಾಗದ ಬೇಡ. ಇಲಾಖೆಯ ಪುಟ ತೆರೆದು, ಹೆಸರು ತುಂಬಿ, ಗುಂಡಿ ಒತ್ತಿದರಾಯಿತು. ಈ ಕಜಕ್ ಬಯಲಿನ ಊರಲ್ಲಿ ಮೂವತ್ತೊಂದು ವರ್ಷ ಮಕ್ಕಳನ್ನು ಓಡಿಸಿದವನು ನಾನು, ವ್ಯಾಯಾಮದ ಮೇಷ್ಟ್ರು ಕೆಂಜೆಬೆಕ್; ಇಲ್ಲಿನವರ ಬಾಯಲ್ಲಿ ‘ಅಗಾಯ್’, ಅಂದರೆ ಮೇಷ್ಟ್ರೇ. ಹೇಳಿದ್ದು ಕೇಳದ ಮಕ್ಕಳ ಮುಂದೆ ಕುಣಿಯುವ ಗ್ರಹಚಾರ ನನಗೆ ಬೇಕಿರಲಿಲ್ಲ.

ಹೋದ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ನನ್ನ ದನಿ ಪಿಸುಮಾತಿಗಿಂತ ಮೇಲೇಳುವುದಿಲ್ಲ. ಸೀಟಿ ಇತ್ತಲ್ಲ, ಸಾಕಾಗಿತ್ತು. ಒಂದು ಉದ್ದ ಊದಿದರೆ ಏಳಬೇಕು, ಎರಡು ಗಿಡ್ಡ ಊದಿದರೆ ಕೂರಬೇಕು. ಜನವರಿಯಲ್ಲಿ ಚಳಿ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿಳಿದು ಶಾಲೆ ಮುಚ್ಚಿತು, ಪಾಠ ಪರದೆಗೆ ಬಂತು. ಮೊದಲ ದಿನವೇ ಹನ್ನೊಂದು ಮನೆಗಳ ಗಲಾಟೆ ತಡೆಯಲಾರದೆ ಎಲ್ಲರ ಮೈಕೂ ಮುಚ್ಚಿಸಿದೆ. ಮತ್ತೆ ತೆರೆಯುವುದು ಹೇಗೆಂದು ತಿಳಿಯಲಿಲ್ಲ, ಕೇಳಲು ನಾಚಿಕೆ.

ಮೂರು ವಾರ ಊದಿದೆ. ಕೆಲವರು ಪಿಳಿಪಿಳಿ ನೋಡುತ್ತ ಕೂತರು, ಕೆಲವರು ತಡವಾಗಿ, ಅಡ್ಡಾದಿಡ್ಡಿ ಎದ್ದರು. ಮುದುಕನನ್ನು ಆಟವಾಡಿಸುತ್ತಿದ್ದಾರೆ ಅಂದುಕೊಂಡೆ. ಪಾಠ ಮುಗಿದರೆ ಮನೆಯಲ್ಲಿ ಚಹಾ ಕುದಿಯುವ ಸದ್ದೊಂದೇ. ಆ ಹೊತ್ತು ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಮಧ್ಯಾಹ್ನ ಶಾಲೆಯ ಲ್ಯಾಪ್‌ಟಾಪ್ ಒಪ್ಪಿಸಲು ಹೋದೆ. ಕಂಪ್ಯೂಟರ್ ಕಲಿಸುವ ಬೊತಾಗೊಜ್, ಅದರಲ್ಲಿದ್ದದ್ದನ್ನು ಅಳಿಸುವ ಮೊದಲು ನನ್ನ ಕೊನೆಯ ಪಾಠದ ರೆಕಾರ್ಡಿಂಗ್ ಹಾಕಿ ನೋಡಿದಳು. ಪರದೆಯ ಮೇಲೆ ನಾನು ಕೆನ್ನೆ ಉಬ್ಬಿಸಿ ಊದುತ್ತಿದ್ದೆ. ಸದ್ದೇ ಇರಲಿಲ್ಲ.

“ಅಗಾಯ್, ಈ ಲ್ಯಾಪ್‌ಟಾಪು ನಿಮ್ಮ ಸೀಟೀನ ಗಲಾಟೆ ಅಂದ್ಕೊಂಡು ಸೋಸಿಬಿಟ್ಟಿದೆ. ಮಕ್ಕಳಿಗೆ ಒಂದು ಸಲಾನೂ ಕೇಳಿಸಿಲ್ಲ,” ಅಂದಳು. “ಅವರು ಬರೆದಿದ್ದು ನೀವು ನೋಡ್ಲೇ ಇಲ್ವಾ?”

ಬದಿಯಲ್ಲಿ ಏನನ್ನೋ ಒತ್ತಿದಳು. ನಾನು ಒಮ್ಮೆಯೂ ತೆರೆಯದ ಪಟ್ಟಿಯೊಂದು ತೆರೆದುಕೊಂಡಿತು. ಸೀಟಿ ಕೇಳುತ್ತಿಲ್ಲ ಎಂದು ಮಕ್ಕಳು ಹತ್ತಾರು ಸಲ ಬರೆದಿದ್ದರು. ನಮ್ಮ ಮೇಲೆ ಕೋಪಾನಾ ಎಂದು ಒಬ್ಬ ಕೇಳಿದ್ದ. ಕೊನೆಗೆ ಜುಲ್ದಿಜ್ ಎಂಬ ಹುಡುಗಿ ಉಳಿದವರಿಗೆ ಬರೆದಿದ್ದಳು: “ಅಗಾಯ್ ಕೆನ್ನೆ ನೋಡ್ಕೊಳ್ರೋ. ತುಂಬ ಹೊತ್ತು ಉಬ್ಬಿದ್ರೆ ಏಳೋದು.”

“ಬೇಗ ಬೇಗ ಉಬ್ಬಿದ್ರೆ?” ಎಂದು ಇನ್ನೊಬ್ಬ ಕೆಳಗೆ ಬರೆದಿದ್ದ.

“ಕೂತ್ಕೋ, ಕತ್ತೆ.”

ನನಗೆ ಅಳು ಬಂತು, ತಡೆಯಲಿಲ್ಲ. ಬೊತಾಗೊಜ್ ಅವಸರದಲ್ಲಿ ನನ್ನ ಅರ್ಜಿ ಹುಡುಕಿ, ವಾಪಸು ಪಡೆಯಲು ನೋಡಿದಳು. ಹತ್ತು ಗಂಟೆಗೇ ಮುಖ್ಯೋಪಾಧ್ಯಾಯರ ಸಹಿ ಬಿದ್ದಿತ್ತು. ಸೋಮವಾರದಿಂದ ಹೊಸಬ ಬರುತ್ತಾನೆ. ನಾನೊಬ್ಬನೇ ಕೂತು ತಪ್ಪಿಲ್ಲದೆ ಮಾಡಿದ ಕಂಪ್ಯೂಟರ್ ಕೆಲಸ ಆ ರಾಜೀನಾಮೆಯೊಂದೇ.

ಪಟ್ಟಿಯ ಕೊನೆಯ ಸಾಲು ನಿನ್ನೆಯದು: “ಗುರುವಾರ ಬರ್ತೀರಲ್ಲ, ಅಗಾಯ್?”

ಇದಕ್ಕೆ ಉತ್ತರ ಬರೆಯುವುದು ಹೇಗಮ್ಮಾ ಎಂದು ಕೇಳಿದೆ. ಎಲ್ಲಿ ಒತ್ತಬೇಕೆಂದು ತೋರಿಸಿದಳು. ಸುಲಭವೇ ಇತ್ತು. ಏನು ಬರೆಯುವುದೆಂದು ಅವಳಿಗೂ ತೋಚಲಿಲ್ಲ.