ಅಳತೆ ಮೊದಲು, ಅಡ್ವಾನ್ಸ್ ಆಮೇಲೆ

ಅರ್ಧಕ್ಕೆ ನಿಂತ ಓದು ಯಾರ ಮನೆಯಲ್ಲಿಲ್ಲ ಹೇಳಿ. ಒಬ್ಬರಿಗೆ ಮದುವೆ ಅಡ್ಡ ಬಂತು, ಇನ್ನೊಬ್ಬರಿಗೆ ಮಗು, ಮತ್ತೊಬ್ಬರಿಗೆ ಫೀಸು. ಓದು ನಿಂತದ್ದಕ್ಕೆ ನನಗೆ ಸಿಟ್ಟಿಲ್ಲ. ಸಂಸಾರ ಎಂದಮೇಲೆ ಅದೆಲ್ಲ ಇದ್ದದ್ದೇ. ಆದರೆ ನಿದ್ದೆಗೆಟ್ಟು ಓದಿ ಪಾಸಾದದ್ದನ್ನೂ 'ಅದು ಲೆಕ್ಕಕ್ಕಿಲ್ಲ, ಮೊದಲಿನಿಂದ ಬನ್ನಿ' ಎನ್ನುತ್ತಾರಲ್ಲ, ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮನೆಯಲ್ಲೇ ಹಾಗಾಯಿತು. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡು ಹೊಲಿಗೆ ಮಿಷನ್, ಬಟ್ಟೆ ಕತ್ತರಿಸಲು ಒಂದು ಉದ್ದ ಮೇಜು, ಕಿಟಕಿ ಪಕ್ಕ ಇಸ್ತ್ರಿ ಪೆಟ್ಟಿಗೆ. ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಸೊಸೆ ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಾಳೆ. ರೋಗಿಗಳು ಕಾಯುವ ಜಾಗದಲ್ಲಿ ಟೋಕನ್ ನಂಬರ್ ತೋರಿಸುವ ಪರದೆ ಇರುತ್ತದಲ್ಲ, ಅದು ಕೆಟ್ಟು ನಿಂತರೆ ಎಲ್ಲರೂ ಕೂಗಿ ಕರೆಯುವುದು ಇವಳನ್ನೇ. ಡಿಗ್ರಿ ಇದ್ದವರು ಬರೆದ ಪ್ರೋಗ್ರಾಂನ ತಪ್ಪು ತಿದ್ದುವವಳು ಇವಳು, ಹುದ್ದೆಯ ಹೆಸರು ಮಾತ್ರ 'ಸಹಾಯಕಿ'. ಯಾಕೆಂದರೆ ಇವಳ ಹತ್ತಿರ ಡಿಗ್ರಿ ಇಲ್ಲ.

ಹಾಗಂತ ಇವಳು ಓದದವಳೇನಲ್ಲ. ಮದುವೆಗೆ ಮುಂಚೆ ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ ಸೇರಿ ಎರಡು ವರ್ಷ ಮುಗಿಸಿದ್ದಳು. ಒಂದು ವಿಷಯವೂ ಬಾಕಿ ಉಳಿಸಿರಲಿಲ್ಲ. ಅಷ್ಟರಲ್ಲಿ ಬಸ್ ಓಡಿಸುತ್ತಿದ್ದ ಅವಳ ಅಪ್ಪ ಹಾಸಿಗೆ ಹಿಡಿದರು. ಮನೆ ನಡೆಸಲು ಇವಳು ಕೆಲಸಕ್ಕೆ ಸೇರಿದಳು, ಕಾಲೇಜು ಅಲ್ಲಿಗೇ ನಿಂತಿತು. 'ನನ್ನಿಂದ ನಿನ್ನ ಎರಡು ವರ್ಷ ನೀರುಪಾಲಾಯ್ತಲ್ಲ ಮಗಳೇ' ಎಂದು ಅವರು ಕೊನೆಯ ತನಕ ಕೊರಗಿದರಂತೆ. ಆ ಮಾತನ್ನು ಅವಳು ನನಗೆ ಒಂದೇ ಸಲ ಹೇಳಿದ್ದು, ಆದರೆ ನಾನು ಮರೆತಿಲ್ಲ.

ಮೂರು ವರ್ಷದ ಹಿಂದೆ ಆಸ್ಪತ್ರೆಯವರು ಹೊಸ ನಿಯಮ ಮಾಡಿದರು. ಎರಡೂವರೆ ವರ್ಷದೊಳಗೆ ಡಿಗ್ರಿ ತಂದರೆ ಪ್ರೋಗ್ರಾಂ ಬರೆಯುವ ಹುದ್ದೆ ಕಾಯಂ. ತರದಿದ್ದರೆ ಚೀಟಿ ಕೊಡುವ ಕೌಂಟರಿಗೆ ವಾಪಸ್. ಪೂರಾ ಡಿಗ್ರಿಗೆ ನಾಲ್ಕು ವರ್ಷ ಬೇಕು. ಇವಳದು ಎರಡು ಮುಗಿದಿತ್ತು, ಎರಡು ಉಳಿದಿತ್ತು. ಕೆಲಸ ಬಿಡದೆ, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಓದಿ ಮುಗಿಸುವುದೆಂದು ತೀರ್ಮಾನವಾಯಿತು.

ಆಮೇಲೆ ಫೋನಿನಲ್ಲಿ ಒಬ್ಬ ಗಂಟುಬಿದ್ದ. ಆನ್‌ಲೈನ್ ಕಾಲೇಜಿಗೆ ಜನ ಸೇರಿಸುವವನು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ನಾನು ಅವನಿಗೆ ಬೆಣ್ಣೆಮಾತು ಎಂದೇ ಹೆಸರಿಟ್ಟೆ. ಒಂದು ಸಂಜೆ ಮಗ ಕೆಲಸದಿಂದ ಬಂದವನೇ, ಟೂಲ್ ಚೀಲ ಇನ್ನೂ ಹೆಗಲಲ್ಲಿರುವಾಗಲೇ, "ಅಮ್ಮ, ಇವಳಿಗೆ ಸೀಟು ಹಿಡಿದಿಟ್ಟೆ, ದುಡ್ಡೂ ಕಟ್ಟಾಯ್ತು" ಎಂದ.

"ಅವಳು ಮೊದಲೇ ಓದಿದ್ದರ ಲೆಕ್ಕ ಕೇಳಿದ್ಯೇನೋ?" ಎಂದೆ.

"ಕೇಳಿದೆ. ಇವತ್ತು ಸೇರಿದ್ರೆ ರಿಯಾಯ್ತಿ, ಅದನ್ನ ಆಮೇಲೆ ನೋಡೋಣ ಸಾರ್ ಅಂದ. ನಮ್ಮಂಗಡೀಲೂ ಹಾಗೇ ಅಲ್ವಾ? ಅಡ್ವಾನ್ಸ್ ಮೊದಲು, ಅಳತೆ ಆಮೇಲೆ."

ಅವನ ಮಾತು ಸುಳ್ಳಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ ಹೊಲಿಸುವವರು ಬಾಗಿಲ ತನಕ ನಿಂತಿರುತ್ತಾರೆ. ಅಡ್ವಾನ್ಸ್ ಕೊಟ್ಟು ಸರದಿ ಹಿಡಿದು, ಮಕ್ಕಳನ್ನು ಆಮೇಲೆ ಅಳತೆಗೆ ಕರೆತರುತ್ತಾರೆ. ನಾನೂ ಯಾರ ಬಟ್ಟೆಗೂ ಮೋಸ ಮಾಡಿದವಳಲ್ಲ. ಅದನ್ನೇ ನೋಡಿ ಬೆಳೆದವನು, ಲೋಕವೆಲ್ಲ ಅವರಮ್ಮನ ಅಂಗಡಿ ಎಂದುಕೊಂಡ.

ಕಾಲೇಜಿನ ಪಾಠ ತೆರೆದ ದಿನ ಸೊಸೆ ಬಟ್ಟೆ ಚೂರುಗಳನ್ನು ಪಕ್ಕಕ್ಕೆ ಸರಿಸಿ ಕಟಿಂಗ್ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಳು. ಪರದೆಯ ಮೇಲೆ ಮೌಸಿನ ಚಿತ್ರ ಬಂತು. 'ಇದು ಮೌಸ್. ಇದನ್ನು ಅಂಗೈಯಲ್ಲಿ ಮೆಲ್ಲಗೆ ಹಿಡಿಯಬೇಕು' ಎಂದು ಯಾರೋ ರಾಗವಾಗಿ ಹೇಳಿಕೊಟ್ಟರು. ನನಗೆ ನಗು ಬಂತು. ಸೊಸೆ ನಗಲಿಲ್ಲ.

"ಅತ್ತೆ, ನನ್ನನ್ನ ಮೊದಲ್ನೇ ವರ್ಷಕ್ಕೆ ಹಾಕಿದ್ದಾರೆ. ಪೂರ್ತಿ ನಾಲ್ಕು ವರ್ಷ. ಅಷ್ಟೊತ್ತಿಗೆ ನಾನು ಕೌಂಟರಲ್ಲಿ ಚೀಟಿ ಹರೀತಿರ್ತೀನಿ," ಎಂದಳು.

ಅಲ್ಲೇ ಫೋನ್ ಮಾಡಿಸಿದೆ, ಸ್ಪೀಕರ್ ಹಾಕಿಸಿದೆ. ಬೆಣ್ಣೆಮಾತು ಎತ್ತಿದ.

"ಮೇಡಂ, ಹಳೇ ಕ್ರೆಡಿಟ್ ವರ್ಗಾವಣೆ ಸೇರೋಕೆ ಮುಂಚೆ ಕೇಳ್ಬೇಕಿತ್ತು. ಈಗ ನೀವು ಹೊಸ ವಿದ್ಯಾರ್ಥಿ ಅಂತ ದಾಖಲಾಗಿದ್ದೀರಿ."

"ಮುಂಚೇನೇ ಕೇಳಿದ್ವಲ್ಲ. ಆಮೇಲೆ ನೋಡೋಣ ಅಂದಿದ್ದು ನೀವೇ," ಎಂದಳು ಸೊಸೆ.

"ಹೌದು ಮೇಡಂ, ನೋಡಿದ್ವಿ. ಬರಲ್ಲ."

ನೋಡಿದ್ವಿ, ಬರಲ್ಲ. ಒಬ್ಬಳ ಎರಡು ವರ್ಷದ ಬದುಕನ್ನು ಎರಡು ಮಾತಿನಲ್ಲಿ ಗುಡಿಸಿ ಹಾಕಿದ. ನಾನು ಫೋನಿನ ಹತ್ತಿರ ಬಾಯಿಟ್ಟು, "ಅರ್ಧ ಹೊಲಿದ ಬಟ್ಟೆ ತಂದವರಿಗೆ ಅದನ್ನ ಹರಿದು ಬಿಸಾಕಿ ಹೊಸ ಬಟ್ಟೆ ತನ್ನಿ ಅಂದ್ರೆ ಕತ್ತರೀನೇ ಕಿತ್ಕೊಳ್ತಾರಪ್ಪ" ಎಂದೆ. ಅವನು ಥ್ಯಾಂಕ್ಯೂ ಮೇಡಂ ಎಂದು ಫೋನಿಟ್ಟ.

ಆ ಹೊತ್ತಿಗೆ ಮೇಲಿನ ಮನೆಯ ಲೈಬ್ರರಿಯವಳು ಕಿತ್ತುಹೋದ ಜಿಪ್ ಹಾಕಿಸಲು ಬಂದಳು. ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಅವಳಿಗೆ. ಅವಳೂ ಒಂದು ಕಡೆ ಓದು ಬಿಟ್ಟು ಇನ್ನೊಂದು ಕಡೆ ಮುಗಿಸಿದವಳು. ನಮ್ಮ ಮುಖ ನೋಡಿ, ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಸ್ಟೂಲ್ ಎಳೆದುಕೊಂಡು ಕೂತಳು.

"ಪಾಠ ಶುರುವಾಗಿ ಎಷ್ಟು ದಿನ ಆಯ್ತು?"

"ಇವತ್ತೇ ಶುರು ಅಕ್ಕ."

"ಹಾಗಾದ್ರೆ ಕೆಟ್ಟಿಲ್ಲ. ಸೇರಿದವರು ಇಷ್ಟು ದಿನದೊಳಗೆ ಬಿಟ್ರೆ ಫೀಸ್ ವಾಪಸ್ ಅಂತ ಎಷ್ಟೋ ಕಡೆ ನಿಯಮ ಇರುತ್ತೆ. ಇವರದ್ದು ಏನಿದೆ ಅಂತ ಈಗ್ಲೇ ಓದು. ಇದ್ರೆ ಇವತ್ತೇ ಬರೆದು ಕಳಿಸು. ಫೋನಲ್ಲಿ ಬೇಡ."

ಮಗ ಗೋಡೆಗೆ ಒರಗಿ ನಿಂತಿದ್ದ. ತಾನು ಕಟ್ಟಿದ್ದು ತಪ್ಪಾಯಿತೆಂದು ಒಪ್ಪಲು ಅವನಿಗೆ ಮನಸ್ಸಿಲ್ಲ. "ಅಲ್ಲ ಅಕ್ಕ, ಅವಳು ಓದಿ ಎಷ್ಟು ಕಾಲ ಆಯ್ತು. ಮರೆತಿರ್ತಾಳೆ. ಮೊದಲಿಂದ ಓದಿದ್ರೆ ಬುಡ ಗಟ್ಟಿ ಆಗುತ್ತೆ. ಅಷ್ಟಕ್ಕೂ ಈ ಕ್ರೆಡಿಟ್ ಅಂದ್ರೇನು?"

"ಒಂದು ವಿಷಯಕ್ಕೆ ಎಷ್ಟು ಹೊತ್ತು ಪಾಠ, ಎಷ್ಟು ಅಭ್ಯಾಸ ಅಂತ ನೋಡಿ ಅದಕ್ಕೊಂದು ತೂಕ ಕೊಟ್ಟಿರ್ತಾರೆ. ಅದೇ ಕ್ರೆಡಿಟ್. ಪಾಸಾದ್ರೆ ಆ ತೂಕ ನಿಮ್ಮದು. ಹೊಸ ವಿಶ್ವವಿದ್ಯಾಲಯ ಅದನ್ನ ಒಪ್ಕೊಂಡ್ರೆ ಆ ವಿಷಯ ಮತ್ತೆ ಓದ್ಬೇಕಿಲ್ಲ, ಅಷ್ಟು ಬೇಗ ಡಿಗ್ರಿ ಮುಗಿಯುತ್ತೆ."

"ಒಪ್ಕೊಳ್ಳದಿದ್ರೆ?"

"ಅದಕ್ಕೇ ದುಡ್ಡು ಕಟ್ಟೋಕೆ ಮುಂಚೆ ಕೇಳ್ಬೇಕು. ಯಾವ್ಯಾವ ವಿಷಯ ಒಪ್ತೀರಿ, ಇನ್ನೆಷ್ಟು ಓದ್ಬೇಕು, ಬರೆದು ಕೊಡಿ ಅಂತ. ಒಬ್ಬೊಬ್ಬರದ್ದು ಒಂದೊಂದು ನಿಯಮ. ಎಲ್ಲಾನೂ ಯಾರೂ ಒಪ್ಪಲ್ಲ. ಇಷ್ಟು ಭಾಗ ನಮ್ಮಲ್ಲೇ ಓದ್ಬೇಕು ಅಂತಾನೂ ಇರುತ್ತೆ."

"ಇಷ್ಟೆಲ್ಲ ತಾಪತ್ರಯ ಯಾಕೆ? ಮೊದಲಿಂದ..."

ಮಗ ಮಾತು ಮುಗಿಸಲಿಲ್ಲ. ಸೊಸೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತಳು. ಅವಳು ಗಂಡನೆದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅವತ್ತೇ.

"ರೀ, ಲಿಫ್ಟು ಎರಡನೇ ಮಹಡೀಲಿ ಕೆಟ್ಟು ನಿಂತಿರುತ್ತೆ. ನೀವು ಹೋಗಿ ರಿಪೇರಿ ಮಾಡ್ತೀರಿ. ಆಮೇಲೆ ಒಳಗಿದ್ದವರನ್ನ ಕೆಳಗಿಳಿಸಿ, ಮತ್ತೆ ಮೊದಲಿಂದ ಹತ್ತಿ ಬನ್ನಿ, ಕಾಲು ಗಟ್ಟಿ ಆಗುತ್ತೆ ಅಂತೀರಾ? ನಾನು ಮರೆತಿದ್ರೆ ಆ ಟೋಕನ್ ಪರದೆ ದಿನಾ ಯಾರು ನಡೆಸ್ತಿದ್ದಾರೆ?"

ಮಗ ತಲೆ ಕೆರೆದುಕೊಂಡ. ಲಿಫ್ಟಿನ ಮಾತು ಅವನಿಗೆ ನಾಟಿತು. ಆ ಕಾಲೇಜಿನ ನಿಯಮವನ್ನು ಓದಿ ನೋಡಿದರೆ ಬಿಡಲು ಇನ್ನೂ ಅವಕಾಶವಿತ್ತು. ಅದೇ ಸಂಜೆ ಅವನೇ ಪಕ್ಕದಲ್ಲಿ ಕೂತು ಪತ್ರ ಕಳಿಸಿದ.

ಮಾರನೆಯ ದಿನ ಬೆಣ್ಣೆಮಾತು ತಾನೇ ಫೋನ್ ಮಾಡಿದ. "ಸಾರ್, ಬಿಡ್ಬೇಡಿ. ನಿಮಗೆ ಇನ್ನೊಂದು ಸ್ಕೀಮ್ ಇದೆ. ಎಲ್ಲಾ ಕ್ರೆಡಿಟ್ ಹಾಕಿಸ್ತೀನಿ. ಪರೀಕ್ಷೇನೇ ಬೇಡ, ಕೆಲವೇ ತಿಂಗಳಲ್ಲಿ ಡಿಗ್ರಿ ಮನೆಗೆ ಬರುತ್ತೆ."

ನಿನ್ನೆ ಪಾಸಾದದ್ದನ್ನೂ ಒಪ್ಪಲಾಗದವನು ಇವತ್ತು ಓದದೇ ಇದ್ದದ್ದನ್ನೂ ಒಪ್ಪುತ್ತಾನೆ. ಇವನ ನಾಲಿಗೆಗೆ ಮೂಳೆಯೂ ಇಲ್ಲ, ಮಾನವೂ ಇಲ್ಲ. ಮಗ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವ ಮುಂಚೆ ಅವನೇ ಹೇಳಿದ: "ನನ್ನ ಹೆಂಡ್ತಿ ಓದಿ ಪಾಸಾಗೋಳು ಕಣಯ್ಯ. ನಿನ್ನ ಕಾಗದ ನೀನೇ ಇಟ್ಕೋ." ಓದದೆ ಬರುವ ಡಿಗ್ರಿಯನ್ನು ಆಸ್ಪತ್ರೆಯವರು ಪರಿಶೀಲಿಸಿದರೆ ಇದ್ದ ಕೆಲಸವೂ ಹೋಗುತ್ತದೆ ಎಂದು ಲೈಬ್ರರಿಯವಳು ಹಿಂದಿನ ಸಂಜೆಯೇ ಎಚ್ಚರಿಸಿದ್ದಳು. ಕಟ್ಟಿದ ದುಡ್ಡು ಕೆಲವು ವಾರದಲ್ಲಿ ವಾಪಸ್ ಬಂತು.

ಇನ್ನು ಹಳೆಯ ಕಾಲೇಜು. ಪ್ರತಿ ವಿಷಯದ ಅಂಕ, ಕ್ರೆಡಿಟ್ ಎರಡೂ ಇರುವ ಮೊಹರು ಹಾಕಿದ ಪಟ್ಟಿ ಬೇಕು. ಅದರ ಜೊತೆಗೆ ಅವಳು ಓದಿದ ವರ್ಷದ ಸಿಲಬಸ್ ಬೇಕು. ನಾನೂ ಜೊತೆಗೆ ಹೋದೆ. ಅವಸರದಲ್ಲಿ ಕೊರಳಲ್ಲಿದ್ದ ಅಳತೆ ಟೇಪು ತೆಗೆದಿಡುವುದೂ ಮರೆತಿತ್ತು. ಅಂಕಪಟ್ಟಿಗೆ ಅರ್ಜಿ ತೆಗೆದುಕೊಂಡ ಗುಮಾಸ್ತ, ಸಿಲಬಸ್ ಎಂದ ಕೂಡಲೇ ಮುಖ ಹುಳ್ಳಗೆ ಮಾಡಿದ.

"ಹಳೇ ಸಿಲಬಸ್ಸೆಲ್ಲ ಯಾರಮ್ಮ ಇಟ್ಕೊಂಡಿರ್ತಾರೆ? ವಿಷಯದ ಹೆಸರು ಗೊತ್ತಲ್ಲ, ಸಾಕು."

"ಹೆಸರು ಸಾಲಲ್ಲ ಸಾರ್," ಎಂದಳು ಸೊಸೆ. "ಒಂದೇ ಪಾಠಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಒಳಗೆ ಏನು ಕಲಿಸಿದ್ರಿ ಅಂತ ತೋರಿಸಿದ್ರೇ ಒಪ್ಪೋದು."

"ನಾಳೆ ಬನ್ನಿ."

"ನಾಳೆ ಇಬ್ಬರಿಗೂ ಕೆಲಸ ಇದೆ. ಇಲ್ಲೇ ಕೂತಿರ್ತೀವಿ, ಹುಡುಕಿ," ಎಂದು ನಾನು ಅವನೆದುರಿನ ಬೆಂಚಿನ ಮೇಲೆ ಕೂತೆ. ಓದಿಸಿದ್ದು ಇವರು, ಪಾಸು ಮಾಡಿದ್ದು ಇವರು, ಏನು ಓದಿಸಿದ್ದೆಂದು ಕೇಳಿದರೆ ನಾಳೆ ಬರಬೇಕಂತೆ. ಊಟದ ಹೊತ್ತು ಕಳೆಯಿತು. ನಾವು ಏಳುವವರಲ್ಲ ಎಂದು ಗೊತ್ತಾದ ಮೇಲೆ ಒಳಗಿನ ಕಪಾಟಿನಲ್ಲೇ ಅದು ಸಿಕ್ಕಿತು.

ಆಮೇಲೆ ಸೊಸೆ ಎರಡು ಮೂರು ವಿಶ್ವವಿದ್ಯಾಲಯ ನೋಡಿದಳು. ಮಾನ್ಯತೆ ಇದೆಯೇ, ಅಲ್ಲಿಯ ಆನ್‌ಲೈನ್ ಡಿಗ್ರಿಯನ್ನು ಆಸ್ಪತ್ರೆಯವರು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಂಡಳು. ಒಂದನ್ನು ಆರಿಸಿ, ಕಾಗದಗಳನ್ನು ಕಳಿಸಿ, ಉತ್ತರ ಬರುವ ತನಕ ಒಂದು ಕಾಸೂ ಕಟ್ಟಲಿಲ್ಲ.

ಮೊದಲ ಉತ್ತರದಲ್ಲಿ ಎರಡು ವಿಷಯ ಕೈಬಿಟ್ಟಿದ್ದರು. ಒಂದು, ಹಳೆಯ ಕಾಲದ ಪ್ರೋಗ್ರಾಮಿಂಗ್. ಅದು ಈಗ ಬಳಕೆಯಲ್ಲಿಲ್ಲ, ಹೊಸದು ಕಲಿಯಬೇಕು. ನ್ಯಾಯವೇ, ಅದಕ್ಕೆ ಸೊಸೆ ತಕರಾರು ಮಾಡಲಿಲ್ಲ. ಇನ್ನೊಂದು ಗಣಿತ. ಹೆಸರು ಬೇರೆ ಇದೆಯೆಂದು ತಳ್ಳಿಹಾಕಿದ್ದರು. ಅವಳು ತನ್ನ ಸಿಲಬಸ್ಸನ್ನೂ ಅವರದನ್ನೂ ಪಕ್ಕಪಕ್ಕ ಇಟ್ಟು, ಯಾವ ಪಾಠ ಯಾವುದಕ್ಕೆ ಸಮ ಎಂದು ಬರೆದು ಮತ್ತೆ ಕಳಿಸಿದಳು. ಬೆಂಚಿನ ಮೇಲೆ ಕೂತದ್ದು ಆಗ ಕೈಹಿಡಿಯಿತು.

ಕೊನೆಯ ಉತ್ತರ ಬಂದಾಗ ನಾನು ಮಿಷನ್ನಿನ ಮುಂದಿದ್ದೆ. ಮಗ ಗಟ್ಟಿಯಾಗಿ ಓದಿದ. ಗಣಿತವನ್ನೂ ಒಪ್ಪಿದ್ದರು. ನೇರ ಮೂರನೇ ವರ್ಷಕ್ಕೆ ಪ್ರವೇಶ, ಜೊತೆಗೆ ಹೊಸ ಪ್ರೋಗ್ರಾಮಿಂಗಿನ ಒಂದು ವಿಷಯ. ಅವನು ಕುಣಿಯುವುದೊಂದು ಬಾಕಿ. ಸೊಸೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಪ್ಪ ಓದ್ಸಿದ್ದು ನೀರುಪಾಲಾಗಿಲ್ಲ ಅತ್ತೆ," ಎಂದಳು.

ನಾನು ಮಿಷನ್ ಬಿಟ್ಟು ಎದ್ದು ಅವಳ ತಲೆ ನೇವರಿಸಿದೆ. ಆ ಬೆಣ್ಣೆಮಾತಿನವನನ್ನು ನಂಬಿ ಕೂತಿದ್ದರೆ ಈ ಮಾತು ನಮ್ಮ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲವಲ್ಲ ಎಂದು ಆ ಸಂತೋಷದ ನಡುವೆಯೂ ಸಿಟ್ಟು ಬಂತು.

ಎರಡು ವರ್ಷ ಅವಳು ಅದೇ ಕಟಿಂಗ್ ಮೇಜಿನ ಒಂದು ತುದಿಯಲ್ಲಿ ಓದಿದಳು, ಇನ್ನೊಂದು ತುದಿಯಲ್ಲಿ ನಾನು ಬಟ್ಟೆ ಕತ್ತರಿಸಿದೆ. ಅಡುಗೆಮನೆ ಮಗನ ಪಾಲಿಗೆ ಬಂತು. ಉಪ್ಪು ಹೆಚ್ಚಾದರೂ ಯಾರೂ ಸೊಲ್ಲೆತ್ತಲಿಲ್ಲ. ಗಡುವು ಮುಗಿಯುವ ಮುಂಚೆಯೇ ಡಿಗ್ರಿ ಕೈಗೆ ಬಂತು. ಈಗ ಅವಳು ಸಹಾಯಕಿಯಲ್ಲ. ಮಗ ಯಾವ ಕಟ್ಟಡಕ್ಕೆ ಲಿಫ್ಟ್ ರಿಪೇರಿಗೆ ಹೋದರೂ, ಓದು ಅರ್ಧಕ್ಕೆ ಬಿಟ್ಟವರು ಸಿಕ್ಕರೆ ಸಾಕು, "ಅಳತೆ ಮೊದಲು, ಅಡ್ವಾನ್ಸ್ ಆಮೇಲೆ" ಎಂದು ಶುರು ಮಾಡುತ್ತಾನೆ. ನನ್ನ ಅಂಗಡಿಯಲ್ಲೂ ಈಗ ಅದೇ ಪದ್ಧತಿ.

ನೀವೂ ಕೇಳಿ. ನಿಮ್ಮ ಮನೆಯಲ್ಲಿ ಓದು ಅರ್ಧಕ್ಕೆ ನಿಂತವರು ಮಗಳೋ ಸೊಸೆಯೋ ತಮ್ಮನೋ ಯಾರಾದರೂ ಇದ್ದರೆ, ಅವರ ಹಳೆಯ ಅಂಕಪಟ್ಟಿಯನ್ನು ಈ ವಾರವೇ ಹೊರಗೆ ತೆಗೆಯಿರಿ. ಹಳೆಯ ಕಾಲೇಜಿಗೆ ಹೋಗಿ ಸಿಲಬಸ್ ತನ್ನಿ, ತಡ ಮಾಡಬೇಡಿ, ಕೆಲವು ಕಡೆ ಕ್ರೆಡಿಟ್‌ಗೂ ವಯಸ್ಸಾಗುತ್ತದೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ ಎಂದು ನೀವೇ ವಿಚಾರಿಸಿ. ಎಷ್ಟು ಕ್ರೆಡಿಟ್ ಒಪ್ಪುತ್ತಾರೆಂದು ಬರವಣಿಗೆಯಲ್ಲಿ ಕೈಗೆ ಬರುವ ತನಕ ದುಡ್ಡು ಬಿಚ್ಚಬೇಡಿ. ಕೈಬಿಟ್ಟ ವಿಷಯಕ್ಕೆ ಕಾರಣ ಕೇಳಿ, ಕಾರಣ ಸರಿಯಿಲ್ಲದಿದ್ದರೆ ಮತ್ತೆ ಬರೆಯಿರಿ.

ಯಾರಾದರೂ ನಯವಾಗಿ 'ಅದನ್ನು ಆಮೇಲೆ ನೋಡೋಣ' ಎಂದರೆ, ನೀವೂ ಅಷ್ಟೇ ನಯವಾಗಿ ಹೇಳಿ: "ಹಾಗಾದ್ರೆ ಸೇರೋದನ್ನೂ ಆಮೇಲೇ ನೋಡೋಣ."