ಜಡೆ ಹಿಡಿದ ಕೈ

ಸುನಂದಾ ಮೇಡಂ ಅವರ ಒದ್ದೆ ಕೂದಲನ್ನು ಶೋಭಾರಾಣಿ ಜಡೆಗೆಂದು ಮೂರು ಕಾಲು ಮಾಡಿದಳು. ಹೆಣಕ್ಕೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ಹೋಳೂರಿನ ಮನೆಯ ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿದ್ದರು.

“ಗಟ್ಟಿಯಾಗಿ ಹಾಕಮ್ಮ,” ಎಂದಳು ಹೆಣದ ಭುಜ ಹಿಡಿದು ನಿಂತಿದ್ದ ಮುನಿಯಲ್ಲಮ್ಮ, ಸತ್ತವಳ ಅತ್ತಿಗೆ. “ಹೊಟ್ಟೇಲಿ ಒಂದೂ ಹುಟ್ಲಿಲ್ಲ ಇವಳಿಗೆ. ಆದ್ರೆ ಊರೂರಲ್ಲೂ ಹೆಣ್ಮಕ್ಳು. ನೀನೂ ಇವಳು ಕಾಪಾಡಿದ ಹುಡುಗೀನೇ ಅಲ್ವಾ?”

“ಹೂಂ,” ಎಂದಳು ಶೋಭಾರಾಣಿ. ಸಾವಿನ ಮನೆಯಲ್ಲಿ ಇನ್ನೇನು ಹೇಳುವುದು?

ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದ ಮೇಡಂ ಹೋದರೆಂದು ಮೊಬೈಲಿನಲ್ಲಿ ಬಂದ ಫೋಟೊ ನೋಡಿ, ಒಲೆಯ ಮೇಲಿದ್ದ ಸಾರನ್ನು ಇಳಿಸಿ ಹೊರಟಿದ್ದಳು. ಕಿವಿಯಲ್ಲಿ ಒಂದು ಮಾತು ಹೇಳಬೇಕಿತ್ತು: ನಿಮಗೆ ಗೊತ್ತಿರಲಿಲ್ಲ, ಅದಕ್ಕೇ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆ ಮಾತನ್ನು ನಂಬಿಕೊಂಡೇ ಅವಳು ಇಷ್ಟು ವರ್ಷ ಬದುಕಿದ್ದಳು.

*

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳನ್ನು ಸೋದರಮಾವನಿಗೆ ಕೊಡಲು ಮನೆಯಲ್ಲಿ ಮಾತಾಗಿತ್ತು. ಓಡಿಹೋಗಿ ಹೇಳಿಕೊಂಡದ್ದು ಸುನಂದಾ ಮೇಡಂ ಹತ್ತಿರ. ಅವಳನ್ನು ಸೇರಿಸಿದ್ದ ಸರ್ಕಾರಿ ಬಾಲಮಂದಿರದಲ್ಲಿ ಪಕ್ಕದಲ್ಲಿ ಕೂತು ಅವರು ಹೇಳಿದ್ದರು: “ನಿಂಗಿಷ್ಟ ಇಲ್ದೆ ಕಳ್ಸಲ್ಲ ಕಣೇ, ನನ್ನಾಣೆ.”

ಅವಳನ್ನು ವಾಪಸ್ ಬಿಡಬಹುದೇ ಎಂದು ಮನೆ ನೋಡಲು, ಅವಳ ಊರು ನಂಗಲಿಗೆ ಬರುವ ದಿನವನ್ನು ಮನೆಯವರಿಗೆ ಮೊದಲೇ ತಿಳಿಸಿದ್ದರು. ಶೋಭಾರಾಣಿಯೂ ಜೊತೆಗೆ ಬಂದಳು. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಮದುವೆ ಮಾತೇ ಎತ್ತುವುದಿಲ್ಲವೆಂದು ಅಪ್ಪ ಕೈಮುಗಿದ. ಅಜ್ಜಿ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು, ಹರಳೆಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು.

ಕಾಫಿ ಲೋಟ ಕೆಳಗಿಟ್ಟು ಮೇಡಂ ಎಲ್ಲರ ಎದುರೇ ಕೇಳಿದರು: “ಇಲ್ಲೇ ಇರ್ತೀಯಾ ಮಗಳೇ?”

ಅಜ್ಜಿ ಜಡೆಯನ್ನು ಹಿಂದಕ್ಕೆ ಎಳೆದು ಬಿಟ್ಟಳು. ತಲೆ ತಾನಾಗಿ ಮುಂದಕ್ಕೆ ಬಾಗಿತು.

“ನೋಡಿ, ಒಪ್ಕೊಂಡ್ಳು,” ಎಂದ ಅಪ್ಪ.

ಶ್ರಾವಣಕ್ಕೆ ಮೊದಲೇ ಆಂಧ್ರದ ಗಡಿಯಾಚೆಯ ಒಂದು ಗುಡಿಯಲ್ಲಿ ಸೋದರಮಾವನ ತಾಳಿ ಬಿತ್ತು.

*

“ಅಕ್ಕ, ನೀವು ಜಡೆ ಹಾಕೋದು ನೋಡಿದ್ರೆ ಮೇಡಂ ಮಾತೇ ನೆನಪಾಗತ್ತೆ,” ಎಂದ ಹಾರ ಹಿಡಿದು ಬಂದ ಗಂಗಾಧರ್. ಮೇಡಂ ಕೈಕೆಳಗೆ ಕೆಲಸ ಕಲಿತವನು. “ತಲೆ ಬಾಚ್ತಿರೋವಾಗ ಯಾವ ಹುಡುಗೀಗೂ ಪ್ರಶ್ನೆ ಕೇಳ್ಬೇಡಿ ಅನ್ನೋರು. ಹೊರಗೆ ಮರದ ಕೆಳಗೆ ಕರ್ಕೊಂಡ್ಹೋಗಿ, ಒಬ್ಬಳನ್ನೇ ಕೇಳಿ ಅನ್ನೋರು.”

“ಯಾಕೆ?”

“ನಂಗಲಿ ಕಡೆ ಒಂದು ಕೇಸಂತೆ. ಅಜ್ಜಿ ಜಡೆ ಎಳೆದ್ಲು, ಮಗು ತಲೆ ಆಡಿಸ್ತು, ಇವ್ರು ಒಪ್ಪಿಗೆ ಅಂತ ಬರ್ಕೊಂಡ್ರು. ಪ್ರತಿ ಟ್ರೈನಿಂಗಲ್ಲೂ ಹೇಳ್ಕೊಂಡು ಅಳೋರು ಪಾಪ. ನಮಗೂ ಕಣ್ಣಲ್ಲಿ ನೀರು.”

ಶೋಭಾರಾಣಿಯ ಬೆರಳು ನಿಂತವು.

“ಅವ್ರಿಗೆ ಯಾವಾಗ ಗೊತ್ತಾಯ್ತಂತೆ?”

“ಅವತ್ತೇ. ಬಸ್ಸಲ್ಲಿ ವಾಪಸ್ ಬರೋವಾಗ್ಲೇ ಹೊಳೀತಂತೆ.”

“ಇಳಿದು ಹೋಗ್ಲಿಲ್ವಾ?”

“ಹೆಂಗೆ ಹೋಗ್ತಾರಕ್ಕ? ಕೇಸ್ ಕ್ಲೋಸ್ ಮಾಡಿ ಬಂದಿದ್ರಲ್ಲ. ಮತ್ತೆ ತೆಗೆದ್ರೆ ಸಾಹೇಬ್ರು ಇವ್ರನ್ನೇ ಕೇಳ್ತಿದ್ರು.” ಗಂಗಾಧರ್ ಹಾರದಿಂದ ಬಾಡಿದ ಹೂವೊಂದನ್ನು ಕಿತ್ತ. “ಆದ್ರೆ ಆ ಮಗುವಿಂದ ಎಷ್ಟು ಜನ ಕಲಿತ್ವಿ ನೋಡಿ!”

ಶೋಭಾರಾಣಿ ಮತ್ತೆ ಹೆಣೆಯತೊಡಗಿದಳು. ಕಿವಿಯಲ್ಲಿ ಹೇಳಲೆಂದು ತಂದಿದ್ದ ಮಾತು ಬಾಯಿಗೆ ಬರಲಿಲ್ಲ. ಎಣ್ಣೆಯಿಲ್ಲದ ಕೂದಲು, ತಣ್ಣಗಿತ್ತು. ತುದಿಗೆ ದಾರ ಕಟ್ಟಿದಳು. ಜಡೆಯನ್ನು ಮಾತ್ರ ಬಿಡಲಿಲ್ಲ.

ಚಟ್ಟ ಸಿದ್ಧವಾಗಿತ್ತು. ಮುನಿಯಲ್ಲಮ್ಮ ನಾದಿನಿಯ ಮುಖ ಸವರಿ ಗೋಳಿಟ್ಟಳು: “ಹೋಗ್ತಿದ್ದೀಯಲ್ಲೇ ಸುನಂದಾ! ಯಾರ್ಗೂ ಕೆಟ್ಟದ್ದು ಮಾಡ್ದೋಳಲ್ಲ ನೀನು. ಎಲ್ಲಾ ಮಕ್ಳನ್ನೂ ಕಾಪಾಡ್ದೆ, ಅಲ್ವೇನೇ?”

ಶೋಭಾರಾಣಿ ಜಡೆಯನ್ನು ಹಿಂದಕ್ಕೆ ಎಳೆದು ಬಿಟ್ಟಳು.

ಮೇಡಂ ತಲೆ ಮುಂದಕ್ಕೆ ಬಾಗಿತು.